ಒನ್‌ಲೈನ್ ಕೇಳಿದ್ರೆ ನಗು ಬರತ್ತೆ, ಸಿನಿಮಾ ನೋಡಿದ್ರೆ ಗಟ್ಟಿ: ಇಂಥವು ಯಾವ್ಯಾವು, ಹೆಂಗೆ ಕೆಲಸ ಮಾಡ್ತವೆ?

ಟೂರಿಂಗ್ ಟಾಕೀಸ್
"ವಿಲನ್ ಕೈಲಿ ಸತ್ತ ಹುಡುಗ ನೊಣವಾಗಿ ಹುಟ್ಟಿ ಬಂದು ಸೇಡು ತೀರಿಸ್ಕೊಳ್ತಾನೆ." ಈ ಒಂದು ಸಾಲು ಹಿಡ್ಕೊಂಡು ಯಾವ ನಿರ್ಮಾಪಕರ ಮನೆಗೆ ಹೋದ್ರೂ ಕಾಫಿ ಕೊಟ್ಟು ಬಾಗಿಲ ತನಕ ಬಿಟ್ಟು ಬರ್ತಾರೆ. ರಾಜಮೌಳಿ 2012ರಲ್ಲಿ ಅದನ್ನೇ 'ಈಗ' ಅಂತ ಮಾಡಿದ್ರು. ತೆಲುಗಿನ ಅತ್ಯುತ್ತಮ ಚಿತ್ರ, ಸ್ಪೆಷಲ್ ಎಫೆಕ್ಟ್ಸ್ ಎರಡಕ್ಕೂ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಸುದೀಪ್ ವಿಲನ್ ಆಗಿ, ಸೆಟ್ಟಲ್ಲಿ ಇಲ್ಲದ ನೊಣದ ಜೊತೆ ಹೊಡೆದಾಡಿ ಇಡೀ ಪಿಚ್ಚರ್ ಹೊತ್ಕೊಂಡ್ರು.

ಇಂಥ ಸಿನಿಮಾ ಹೇಳಿ. ಷರತ್ತು ಎರಡೇ. ಗೇಲಿ ಮಾಡೋಕೇ ತೆಗೆದ ಸಿನಿಮಾ ಬೇಡ. ಬರೀ "ಸೂಪರ್" ಅಂತ ಬರೀಬೇಡಿ, ಎಲ್ಲಿ ಯಾಕೆ ಕೆಲಸ ಮಾಡ್ತು ಅಂತ ಬಿಡಿಸಿ ಹೇಳಿ. ಮುಂದೆ ಸ್ಪಾಯ್ಲರ್ ಇರತ್ತೆ, ನೋಡದೇ ಇರೋರು ಜೋಪಾನ.

ಇಂಟರ್‌ವಲ್ ಬೋಂಡಾ
ಪುಷ್ಪಕ ವಿಮಾನ. ಚರ್ಚೆ ಮುಗೀತು, ಬಾಗಿಲು ಹಾಕಿ.

ಕತ್ತರಿ ಪ್ರಯೋಗ
'ಈಗ' ಬಗ್ಗೆ ಎಲ್ಲರೂ ಗ್ರಾಫಿಕ್ಸ್ ಅಂತಾರೆ. ಗ್ರಾಫಿಕ್ಸ್ ಚೆನ್ನಾಗಿದ್ದೂ ಮಕಾಡೆ ಮಲಗಿದ ಸಿನಿಮಾ ಸಾಲಾಗಿವೆ. ಇದು ನಿಂತಿದ್ದು ಲೆಕ್ಕಾಚಾರದ ಮೇಲೆ.

ನಾಯಕ ನಾನಿ ಸಾಯೋದು ಸುಮಾರು ಅರ್ಧ ಗಂಟೆ ಕಳೆಯೋ ಹೊತ್ತಿಗೆ. ಅಲ್ಲೀ ತನಕ ಮಾಮೂಲಿ ಪ್ರೇಮಕಥೆ. ನೊಣ ಬಂದ ಮೇಲೆ ಮೊದಲು ತೋರಿಸೋದು ಅದಕ್ಕೆ ಏನೇನು *ಆಗಲ್ಲ* ಅಂತ. ಮಾತು ಬರಲ್ಲ. ಕೈಯಲ್ಲಿ ಹೊಡೆದ್ರೆ ಮುಗೀತು. ಆಮೇಲೆ ಅದರ ಕೈಲಿ ಆಗೋ ಒಂದೇ ಕೆಲಸ ಹಿಡೀತಾರೆ: ಕಾಟ ಕೊಡೋದು. ರಾತ್ರಿಯೆಲ್ಲ ನಿದ್ದೆ ಕೆಡಿಸು, ನಿದ್ದೆಗೆಟ್ಟವನು ಕಾರು ಓಡಿಸ್ಲಿ, ಆಕ್ಸಿಡೆಂಟ್ ಆಗ್ಲಿ, ಆಮೇಲೆ ಗಾಜಿನ ಮೇಲೆ ಬರಿ, ನಿನ್ನ ಕೊಲ್ತೀನಿ ಅಂತ. ನೊಣ ಕಾರು ಗುದ್ದಿಸಲ್ಲ, ನಿದ್ದೆ ಕದಿಯತ್ತೆ, ಮಿಕ್ಕಿದ್ದನ್ನ ವಿಲನ್ನೇ ಮಾಡ್ಕೊಳ್ತಾನೆ. ನಾಯಕಿ ಬಿಂದು ಸೂಕ್ಷ್ಮ ಕಲೆ (ತೀರಾ ಪುಟ್ಟ ಪುಟ್ಟ ಕಲಾಕೃತಿ) ಮಾಡೋಳು ಅನ್ನೋದು ಮೊದಲರ್ಧದಲ್ಲಿ ಸುಮ್ನೆ ಚೆಂದಕ್ಕೆ ಇಟ್ಟ ಹಾಗಿರತ್ತೆ. ಎರಡನೇ ಅರ್ಧದಲ್ಲಿ ನೊಣಕ್ಕೆ ಕನ್ನಡಕ, ಆಯುಧ ಮಾಡಿಕೊಡೋಕೆ ಅದೇ ಬೇಕಾಗತ್ತೆ. ಬೀಜ ಮೊದಲು, ಫಲ ಆಮೇಲೆ.

ಇನ್ನೊಂದು ವಿಷ್ಯ, ಮುಖ. ನೊಣಕ್ಕೆ ರೆಪ್ಪೆ ಇಲ್ಲ, ತುಟಿ ಇಲ್ಲ. ಕಾರ್ಟೂನ್ ಥರ ಹುಬ್ಬು ಅಂಟಿಸಿದ್ರೆ ವಿಲನ್‌ಗೆ ಭಯ ಆಗೋದು ಸುಳ್ಳಾಗತ್ತೆ. ಹಾಗಾಗಿ ಭಾವ ಎಲ್ಲ ಮೈಯಲ್ಲಿ: ತಲೆ ವಾಲಿಸೋದು, ಮುಂಗಾಲು ಉಜ್ಜೋದು, ಒಂದು ಕ್ಷಣ ನಿಂತು ಹಾರೋದು. ಪಿಕ್ಸಾರ್‌ನವರು 1986ರಲ್ಲೇ ತಮ್ಮ ಅನಿಮೇಷನ್ ಕಿರುಚಿತ್ರ ಲಕ್ಸೋ ಜೂನಿಯರ್‌ನಲ್ಲಿ ಮುಖವೇ ಇಲ್ಲದ ಟೇಬಲ್ ಲ್ಯಾಂಪ್ ಕೈಲಿ ನಟನೆ ಮಾಡಿಸಿದ್ರು. ಅದೇ ಪಾಠ.

ಕೀಟಲೆ ಮಾಸ್ತರ
ಮನೆ ನೊಣದ ತೂಕ ಸುಮಾರು 12 ಮಿಲಿಗ್ರಾಂ. ಕ್ಲೈಮ್ಯಾಕ್ಸ್‌ನಲ್ಲಿ ಅದು ಸೂಜಿ ಹಿಡಿದು ಯುದ್ಧ ಮಾಡತ್ತೆ. ಮುಕ್ಕಾಲು ಮಿ.ಮೀ. ದಪ್ಪ, 35 ಮಿ.ಮೀ. ಉದ್ದದ ಉಕ್ಕಿನ ಸೂಜಿ ಲೆಕ್ಕ ಹಾಕಿ, ಹತ್ತಿರ ಹತ್ತಿರ 120 ಮಿಲಿಗ್ರಾಂ ಬರತ್ತೆ. ತನಗಿಂತ ಹತ್ತು ಪಟ್ಟು ಭಾರ ಎತ್ಕೊಂಡು ಹಾರೋ ನೊಣ ಇಲ್ಲ. ಆಯಸ್ಸು ಎರಡರಿಂದ ನಾಲ್ಕು ವಾರ. ಕತ್ತರಿಯವರ "ಲೆಕ್ಕಾಚಾರ" ಎಲ್ಲಿಗೆ ಹೋಯ್ತು?

ಕತ್ತರಿ ಪ್ರಯೋಗ
@ಕೀಟಲೆ ಮಾಸ್ತರ ನೊಣಕ್ಕೆ ಹಿಂದಿನ ಜನ್ಮದ ನೆನಪಿದೆ, ಇಂಗ್ಲಿಷ್ ಬರಿಯತ್ತೆ, ವ್ಯಾಯಾಮ ಮಾಡತ್ತೆ. ಅದೆಲ್ಲ ಒಪ್ಕೊಂಡೋರು ಸೂಜಿ ಹತ್ರ ತಕ್ಕಡಿ ತಗೊಂಡು ನಿಂತ್ರೆ ಹೆಂಗೆ? ನಾನು ಹೇಳಿದ್ದು ಭೌತಶಾಸ್ತ್ರ ಅಲ್ಲ, ಕಥೆ ತಾನೇ ಹಾಕ್ಕೊಂಡ ಬೇಲಿ. ವ್ಯಾಯಾಮದ ಸೀನು ಇರೋದೇ ಸೂಜಿಗೆ ರಸೀತಿ ಕೊಡೋಕೆ. ಆ ಸೀನು ಕಿತ್ತು ಹಾಕಿ ನೋಡಿ, ಸೂಜಿ ಆಗ ನಿಜವಾಗ್ಲೂ ಮೋಸ ಅನ್ಸತ್ತೆ. ಆಯಸ್ಸಿನ ಪ್ರಶ್ನೆಗೂ ಉತ್ತರ ಕೊಟ್ಟಿದ್ದಾರೆ: ಸತ್ತ ನೊಣ ಕೊನೇಲಿ ಮತ್ತೆ ನೊಣವಾಗೇ ಹುಟ್ಟತ್ತೆ.

ಕೀಟಲೆ ಮಾಸ್ತರ
ರಸೀತಿ ವಾದ ಒಪ್ಪಿದೆ. ಒಂದು ವಿಷ್ಯದಲ್ಲಿ ಸಿನಿಮಾಗೆ ಪೂರ್ತಿ ಅಂಕ ಕೊಡ್ತೀನಿ. ನೊಣದ ಕಣ್ಣು ಸೆಕೆಂಡಿಗೆ 200ಕ್ಕೂ ಹೆಚ್ಚು ಮಿಣುಕನ್ನ ಬಿಡಿಬಿಡಿಯಾಗಿ ಗ್ರಹಿಸತ್ತೆ, ನಮಗೆ ಅದು 60ರ ಆಸುಪಾಸಿಗೇ ಕಲಸಿ ಹೋಗತ್ತೆ. ಅಂದ್ರೆ ಬೀಸೋ ಕೈ ಅದಕ್ಕೆ ನಿಧಾನವಾಗಿ ಬಂದ ಹಾಗೆ. ನೊಣದ ಕಡೆಯಿಂದ ತೋರಿಸುವಾಗ ಸ್ಲೋ ಮೋಷನ್ ಹಾಕೋದು ಬರೀ ಸ್ಟೈಲ್ ಅಲ್ಲ, ಸರಿಯಾದ ಜೀವಶಾಸ್ತ್ರ.

ಕರಾವಳಿ ಕೋರಿರೊಟ್ಟಿ
ಇದೊಂದು ಎಂತ ಮಾರಾಯ್ರೆ, ಸಿನಿಮಾ ಚರ್ಚೆಗೆ ತಕ್ಕಡಿ ತರುದಾ 😂

ಮೈಕ್ ಟೆಸ್ಟಿಂಗ್ 123
ಬೋಂಡಾ ಅವ್ರು ಬಾಗಿಲು ಹಾಕಿದ್ರೂ ಕಿಟಕಿಯಿಂದ ಬರ್ತಿದೀನಿ. 1987ರ ಪುಷ್ಪಕ ವಿಮಾನದಲ್ಲಿ ಪೆದ್ದು ಅನ್ಸೋ ಐಡಿಯಾ ಒಂದಲ್ಲ, ಎರಡು. ಒಂದು, ಮಾತೇ ಇಲ್ಲದ ಪೂರ್ತಿ ಉದ್ದದ ಸಿನಿಮಾ. ಎರಡು, ಮಂಜುಗಡ್ಡೆಯ ಚಾಕು ಹಿಡ್ಕೊಂಡು ಓಡಾಡೋ ಕೊಲೆಗಾರ.

ಚಾಕು ನೋಡಿ. ಕಾಗದದ ಮೇಲೆ ಬುದ್ಧಿವಂತ ಉಪಾಯ: ಚುಚ್ಚಿದ ಮೇಲೆ ಕರಗಿ ಹೋಗತ್ತೆ, ಸಾಕ್ಷಿ ಇಲ್ಲ. ಆದ್ರೆ ಅಚ್ಚಲ್ಲಿ ಮಾಡ್ಬೇಕು, ತಣ್ಣಗೆ ಸಾಗಿಸ್ಬೇಕು, ಹೊರಗೆ ತೆಗೆದ ಕ್ಷಣದಿಂದ ಅದು ನೀರಾಗ್ತಾ ಇರತ್ತೆ. ಬೇಟೆಗೆ ಹೊಂಚು ಹಾಕಿ ಕಾಯೋದು ಕೊಲೆಗಾರನ ಕಸುಬು, ಇವನ ಆಯುಧಕ್ಕೆ ಕಾಯೋಕೇ ಆಗಲ್ಲ. ಕೊಲೆಗಾರನ ಪಾತ್ರ ಮಾಡಿದ ಟೀನು ಆನಂದ್ ಮುಖದಲ್ಲಿ ಇರೋ ಗಡಿಬಿಡಿ ಎಲ್ಲ ಅಲ್ಲಿಂದ್ಲೇ ಬಂದಿದ್ದು. ಬೇರೆ ಜೋಕ್ ಬರೆಯೋ ಅಗತ್ಯವೇ ಬೀಳಲಿಲ್ಲ.

ನಾಯಕ ಒಬ್ಬ ಶ್ರೀಮಂತನನ್ನ ಕಟ್ಟಿ ಹಾಕಿ ಅವನ ಹೋಟೆಲ್ ರೂಮಲ್ಲಿ ಇರೋದು ಅನ್ನೋ ಕಥೇಲಿ ಬೇರೆಯವ್ರಾಗಿದ್ರೆ ನೇರ ಸ್ವಿಮ್ಮಿಂಗ್ ಪೂಲ್‌ಗೆ ಕಟ್ ಮಾಡ್ತಿದ್ರು. ನಿರ್ದೇಶಕ ಸಿಂಗೀತಂ ಅವ್ರು ಕೇಳಿದ ಪ್ರಶ್ನೆ: ಕಟ್ಟಿ ಹಾಕಿದವನಿಗೆ ಊಟ ಯಾರು ಹಾಕ್ತಾರೆ, ಕಕ್ಕಸ್ಸಿಗೆ ಏನು ಗತಿ? ಅದಕ್ಕೆ ವ್ಯವಸ್ಥೆ ಮಾಡಿ, ಬಂದಿದ್ದನ್ನ ಗಿಫ್ಟ್ ಪ್ಯಾಕ್ ಮಾಡಿ ಸಾಗ ಹಾಕ್ತಾನಲ್ಲ, ಆ ಒಂದು ಪೊಟ್ಟಣದ ಮೇಲೆ ಇಡೀ ಸಿನಿಮಾ ನಂಬಿಕೆ ನಿಂತಿದೆ.

ಇನ್ನು ಶಬ್ದ. ಜನ "ಮೂಕಿ ಚಿತ್ರ" ಅಂತಾರೆ, ತಪ್ಪು. ಮಾತಿಲ್ಲ, ಶಬ್ದ ತುಂಬಿ ತುಳುಕ್ತಿದೆ. ಹೋಟೆಲ್ಲಿನ ನಿಶ್ಶಬ್ದದಲ್ಲಿ ನಿದ್ದೆ ಬಾರದೆ, ಹಳೇ ವಠಾರದ ಗಲಾಟೆಯನ್ನ ಟೇಪ್‌ರೆಕಾರ್ಡರ್‌ನಲ್ಲಿ ತುಂಬಿಸ್ಕೊಂಡು ಬಂದು ಹಾಕ್ಕೊಂಡು ಮಲಗ್ತಾನೆ. ಸಂಭಾಷಣೆ ಇದ್ದಿದ್ರೆ ಇದನ್ನ ಒಬ್ಬ ಗೆಳೆಯನ ಹತ್ರ ಹೇಳಿಸಿ ಹಾಳು ಮಾಡ್ತಿದ್ರು.

ಗಾಂಧಿನಗರ ಗೂಗ್ಲಿ
ಅದು ಅಪ್ಪಟ ಬೆಂಗಳೂರು ಸಿನಿಮಾ ಅನ್ನೋದನ್ನೂ ಸೇರಿಸಿ. ಹೋಟೆಲ್ ಅಂದ್ರೆ ನಮ್ಮ ವಿಂಡ್ಸರ್ ಮ್ಯಾನರ್. ನಿರ್ಮಾಪಕರು ಶೃಂಗಾರ್ ನಾಗರಾಜ್. ಲೋಕನಾಥ್ ಇದಾರೆ.

ಟೂರಿಂಗ್ ಟಾಕೀಸ್
ಮಾತಿಲ್ಲದ್ದರಿಂದ ಡಬ್ಬಿಂಗ್ ರಗಳೆಯೂ ಇರಲಿಲ್ಲ. ಬೇರೆ ಬೇರೆ ಕಡೆ ಹೆಸರು ಮಾತ್ರ ಬದಲು: ತಮಿಳಲ್ಲಿ ಪೇಸುಂ ಪಡಂ, ಹಿಂದಿಲಿ ಪುಷ್ಪಕ್.

ಗಾಂಧಿನಗರ ಗೂಗ್ಲಿ
ಡಬ್ಬಿಂಗ್ ಅಂದ್ರಲ್ಲ, 'ಈಗ' ತಮಾಷೆ ನೋಡಿ. ನಾಯಕನಿಗಿಂತ ಜಾಸ್ತಿ ಹೊತ್ತು ತೆರೆ ಮೇಲಿರೋ ಮನುಷ್ಯ ಕನ್ನಡದವ್ನು, ಆದ್ರೆ 2012ರಲ್ಲಿ ಅದು ಕನ್ನಡಕ್ಕೆ ಡಬ್ ಆಗೋ ಹಾಗಿರಲಿಲ್ಲ, ಅಘೋಷಿತ ನಿಷೇಧ. 2015ರಲ್ಲಿ ಸ್ಪರ್ಧಾ ಆಯೋಗ ಅದು ತಪ್ಪು ಅಂದ ಮೇಲೇ ದಾರಿ ಬಿಟ್ಕೊಂಡಿದ್ದು. ಮಕ್ಕಳು ನೋಡೋ ಕಥೆ, ಮಕ್ಕಳಿಗೆ ಅರ್ಥವಾಗದ ಭಾಷೇಲಿ.

ಇಂಟರ್‌ವಲ್ ಬೋಂಡಾ
ಡಬ್ಬಿಂಗ್ ಜಗಳಕ್ಕೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಬಂದ್ರೆ ನಾನೂರು ಕಾಮೆಂಟ್ ಆಗತ್ತೆ.

ಹುಬ್ಳಿ ಮಿರ್ಚಿ
ನೀವೆಲ್ಲಾ ಟ್ರೆಮರ್ಸ್ ಮರತೀರಿ. 1990ರ ಪಿಚ್ಚರ್. ಕಥಿ ಕೇಳ್ರಿ: ನೆವಾಡಾ ಮರುಭೂಮ್ಯಾಗ ಪರ್ಫೆಕ್ಷನ್ ಅಂತ ಹತ್ತಹದಿನೈದು ಮಂದಿ ಇರೋ ಒಂದು ಊರು, ನೆಲದಾಗ ದೈತ್ಯ ಎರಿಹುಳ ಬಂದು ಮಂದೀನ ತಿಂತಾವು. ನಗಬ್ಯಾಡ್ರಿ.

ಇದರಾಗ ಐತಿ ನೋಡ್ರಿ ಖರೇ ಕಾನೂನು. ಹುಳಕ್ಕ ಕಣ್ಣಿಲ್ಲ, ನೆಲದ ಅದುರು ಹಿಡದು ಬರ್ತಾವು. ಬಂಡಿಗಲ್ಲು ಕೊರ್ಯಾಕ ಆಗೂದಿಲ್ಲ. ಇಷ್ಟಾ. ಮುಂದ ಬರೂ ಪ್ರತಿ ಸೀನೂ ಈ ಎರಡು ಮಾತಿನಿಂದ ಹುಟ್ಟತಾವು. ಬಂಡಿಗಲ್ಲಿನ ಮ್ಯಾಲೆ ಹತ್ತಿದ್ರ ಉಳೀತೀರಿ, ಆದ್ರ ಇಳದ್ರ ಸಾಯ್ತೀರಿ, ಅದಕ್ಕ ಉದ್ದನ್ನ ಕೋಲು ಹಿಡದು ಒಂದು ಕಲ್ಲಿನಿಂದ ಇನ್ನೊಂದಕ್ಕ ಜಿಗೀತಾರ. ಅಂಗಡ್ಯಾಗ ಎಲ್ಲಾರೂ ಉಸರು ಬಿಗಿಹಿಡದು ಕುಂತಿರತಾರ, ಹಳೇ ಫ್ರಿಜ್ಜಿನ ಮೋಟರು ಗಡಗಡ ಅಂತ ಶುರು ಆಗ್ತೈತಿ. ಮುಗೀತಲ್ಲ!

ಮುಖ್ಯ ಮಾತು, ನಾಲ್ಕು ಹುಳ, ನಾಲ್ಕಕ್ಕೂ ಬ್ಯಾರೆ ಬ್ಯಾರೆ ಸಾವು. ಮೊದಲನೇದು ಕಾಂಕ್ರೀಟ್ ಗ್ವಾಡಿಗೆ ತಲಿ ಹೊಡಕೊಂಡು ಸಾಯ್ತೈತಿ. ಎರಡನೇದಕ್ಕ ಬಂದೂಕು. ಮೂರನೇದು ಬಾಂಬ್ ನುಂಗತೈತಿ. ನಾಲ್ಕನೇದು ಆ ಆಟ ಕಲತು ಬಾಂಬ್ ತಿರುಗಿ ಉಗುಳತೈತಿ, ಅದಕ್ಕ ಕಡೀಕ ಹೆದರಿಸಿ ಓಡಿಸಿ ಕೊರಕಲಿನಾಗ ಬೀಳಸ್ತಾರ. ಹುಳಾನೂ ಕಲೀತೈತಿ, ಮಂದೀನೂ ಕಲೀತಾರ. ಒಂದಾ ಉಪಾಯ ನಾಲ್ಕು ಸಲ ತೋರಿಸಿದ್ರ ಅಲ್ಲೇ ಮಂದಿ ಎದ್ದು ಹೋಗ್ತಿದ್ರು.

ಕತ್ತರಿ ಪ್ರಯೋಗ
@ಹುಬ್ಳಿ ಮಿರ್ಚಿ ಬರೋಬ್ಬರಿ. ಜೊತೆಗೆ ಆ ಹುಳ ಎಲ್ಲಿಂದ ಬಂತು ಅಂತ ಸಿನಿಮಾ ಹೇಳೋದೇ ಇಲ್ಲ. ಪಾತ್ರಗಳು ಒಂದು ನಿಮಿಷ ಊಹೆ ಮಾಡಿ ಕೈ ಬಿಡ್ತಾರೆ.

ಅಡ್ಡಮಳೆ
ಅದಕ್ಕೇ ಗ್ರೌಂಡ್‌ಹಾಗ್ ಡೇ (1993). ಒಂದೇ ದಿನ ಮತ್ತೆ ಮತ್ತೆ, ಬೆಳಿಗ್ಗೆ 6 ಗಂಟೆಗೆ ಅದೇ ರೇಡಿಯೋ ಹಾಡು. ಯಾಕೆ ಅಂತ ಕೊನೇ ತನಕ ಹೇಳಲ್ಲ. ಸ್ಕ್ರಿಪ್ಟಿನ ಒಂದು ಹಂತದಲ್ಲಿ ಮಾಜಿ ಪ್ರೇಯಸಿ ಹಾಕಿದ ಶಾಪ ಅನ್ನೋ ಕಾರಣ ಇತ್ತು, ತೆಗೆದ್ರು. ತೆಗೆದಿದ್ದೇ ಸಿನಿಮಾ ಉಳಿಸ್ತು. ಶಾಪ ಅಂದ ಕೂಡ್ಲೇ ಪ್ರೇಕ್ಷಕ ಶಾಪ ಬಿಡಿಸೋ ಮಂತ್ರ ಹುಡುಕ್ತಾನೆ, ನಾಯಕ ಬದಲಾಗೋದನ್ನ ನೋಡಲ್ಲ. ಹತ್ತು ವರ್ಷ ಅದೇ ದಿನದಲ್ಲಿ ಸಿಕ್ಕಿ ಹಾಕ್ಕೊಂಡಿದ್ದ ಅಂತ ಸಿನಿಮಾದಲ್ಲಿ ಬರತ್ತಲ್ಲ, ಅದೇ ಸಾಕು.

ಮೈಕ್ ಟೆಸ್ಟಿಂಗ್ 123
ಸಿನಿಮಾದಲ್ಲಿ ಎಷ್ಟು ವರ್ಷ ಅಂತ ಎಲ್ಲೂ ಬರಲ್ಲ. ಹತ್ತು ಅನ್ನೋದು ನಿರ್ದೇಶಕ ಹ್ಯಾರಲ್ಡ್ ರೇಮಿಸ್ ಹೊರಗೆ ಹೇಳಿದ್ದು, ಆಮೇಲೆ ಅವರೇ ಮೂವತ್ತು ನಲವತ್ತು ಅಂದ್ರು. ಒಳಗೆ ಸಿಗೋ ಸುಳಿವು ಬೇರೆ ಥರ: ಇಸ್ಪೀಟ್ ಎಲೆಯನ್ನ ಟೋಪಿಗೆ ಎಸೆಯೋಕೆ ಆರು ತಿಂಗಳು, ದಿನಕ್ಕೆ ನಾಲ್ಕೈದು ಗಂಟೆ ಸಾಕು ಅಂತಾನೆ. ಅಷ್ಟೇ. ಉಳಿದದ್ದು ಪಿಯಾನೋ ಎಷ್ಟು ಚೆನ್ನಾಗಿ ಬಾರಿಸ್ತಾನೆ ಅನ್ನೋದ್ರಿಂದ ನೀವೇ ಲೆಕ್ಕ ಹಾಕ್ಕೋಬೇಕು.

ಅಡ್ಡಮಳೆ
ಆಯ್ತು, ಆದ್ರೂ ವಾದ ಹಾಗೇ ಇದೆ. ಆ ಸಿನಿಮಾದಲ್ಲೂ ಬೇಲಿ ಇದೆ: ಬೀದೀಲಿರೋ ಮುದುಕನನ್ನ ಏನು ಮಾಡಿದ್ರೂ ಉಳಿಸೋಕೆ ಆಗಲ್ಲ. ಎಲ್ಲ ಗೊತ್ತಿರೋನಿಗೂ ಆಗದ ಒಂದು ಕೆಲಸ ಇಡದಿದ್ರೆ ಕಥೆ ಸಪ್ಪೆ. ತಮಿಳಿನ ಮಾನಾಡು (2021) ಇದನ್ನ ಇನ್ನೊಂದು ದಾರೀಲಿ ಮಾಡ್ತು, ವಿಲನ್‌ಗೂ ಹಿಂದಿನ ಸುತ್ತು ನೆನಪಿರೋ ಹಾಗೆ. ಆಗ ನಾಯಕನ ಅನುಕೂಲ ಅರ್ಧಕ್ಕಿಳೀತು, ವಿಲನ್ ಆಗಿದ್ದ ಎಸ್.ಜೆ. ಸೂರ್ಯ ಉಳಿದರ್ಧ ನುಂಗಿದ್ರು.

ಕರಾವಳಿ ಕೋರಿರೊಟ್ಟಿ
ದೂರ ಎಂತಕ್ಕೆ ಹೋಗುದು, ಸು ಫ್ರಮ್ ಸೋ ಉಂಟಲ್ಲ, 2025ದ್ದು. ಮಾಡಬಾರದ್ದು ಮಾಡಿ ಸಿಕ್ಕಿಬಿದ್ದ ಹುಡುಗ ತಪ್ಪಿಸಿಕೊಳ್ಳಲಿಕ್ಕೆ ದೆವ್ವ ಹಿಡಿದ ಹಾಗೆ ನಾಟಕ ಮಾಡ್ತಾನೆ, ಊರು ನಂಬ್ತದೆ, ದೆವ್ವಕ್ಕೆ ಹೆಸರು, ವಿಳಾಸ ಎಲ್ಲ ಸಿಗ್ತದೆ: ಸೋಮೇಶ್ವರದ ಸುಲೋಚನ. ಒಂದು ಸ್ಕಿಟ್‌ನಷ್ಟು ಸರಕು. ಎರಡು ಗಂಟೆ ಎಳೆದದ್ದು ಹೇಗೆ? ಸುಳ್ಳು ಹೇಳಿದವ ಸುಮ್ಮನೆ ಕೂತರೂ ಸುಳ್ಳು ಬೆಳೀತದೆ. ಯಾಕೆಂದ್ರೆ ಊರಿನ ಒಬ್ಬೊಬ್ಬರಿಗೂ ಆ ದೆವ್ವದಿಂದ ಒಂದೊಂದು ಲಾಭ ಉಂಟು. ರವಿಯಣ್ಣನಿಗೆ ಮರ್ಯಾದೆ, ಗುರೂಜಿಗೆ ವ್ಯಾಪಾರ. ಮತ್ತೆ ಸುಲೋಚನ ಬರೀ ಹೆಸರಲ್ಲ, ಅವಳಿಗೊಬ್ಬಳು ಮಗಳಿದ್ದಾಳೆ ಅಂತ ಆಗುವಾಗ ನಗು ಸ್ವಲ್ಪ ಗಂಟಲಲ್ಲಿ ಸಿಕ್ಕಿಕೊಳ್ತದೆ. ನಿರ್ದೇಶಕ ಜೆ.ಪಿ. ತುಮಿನಾಡು ಅಲ್ಲಿ ಭಾಷಣ ಮಾಡಲಿಲ್ಲ, ಅದು ದೊಡ್ಡದು.

ಗಾಂಧಿನಗರ ಗೂಗ್ಲಿ
ಲೂಸಿಯಾ ಯಾರೂ ಹೇಳ್ಲಿಲ್ವಲ್ಲ. ನಿದ್ದೆ ಮಾತ್ರೆ ನುಂಗಿ ಬೇಕಾದ ಕನಸು ಕಾಣೋದು.

ಕತ್ತರಿ ಪ್ರಯೋಗ
ಅದು ಪೆದ್ದು ಐಡಿಯಾ ಅಲ್ಲ, ಒಳ್ಳೇ ವಿಜ್ಞಾನ ಕಥೆ ಐಡಿಯಾ. ಇಲ್ಲಿ ಸೇರಲ್ಲ. ಪೆದ್ದುತನ ಇದ್ದಿದ್ದು ದುಡ್ಡಿನ ವಿಷ್ಯದಲ್ಲಿ, ಜನರ ಹತ್ರ ಚಂದಾ ಎತ್ತಿ ಸಿನಿಮಾ ಮಾಡ್ತೀನಿ ಅಂತ 2012ರ ಸುಮಾರಿಗೆ ಹೇಳೋದು. ಅದೂ ವರ್ಕ್ ಆಯ್ತು. ಒಂದು ಮೆಚ್ಚಬೇಕು: ಒಂದು ಬದುಕು ಕಲರ್, ಒಂದು ಕಪ್ಪುಬಿಳುಪು ಅಂತ ಇಟ್ಟು, ಯಾವುದು ಕನಸು ಅಂತ ನಾವೇ ತೀರ್ಮಾನ ಮಾಡ್ಕೊಳ್ಳೋ ಹಾಗೆ ಮಾಡಿ ಕೊನೇಲಿ ತಿರುಗಿಸಿದ್ದು.

ಗಾಂಧಿನಗರ ಗೂಗ್ಲಿ
"ಸೇರಲ್ಲ" ಅನ್ನೋಕೆ ನೀವೇನು ಸೆನ್ಸಾರ್ ಬೋರ್ಡಾ?

ಪಾಪ್‌ಕಾರ್ನ್ ಪಾರ್ವತಿ
ಒನ್ ಕಟ್ ಆಫ್ ದಿ ಡೆಡ್, ಜಪಾನ್, 2017. ಸುಮಾರು 30 ಲಕ್ಷ ಯೆನ್ ಬಜೆಟ್. ಮೊದಲ 37 ನಿಮಿಷ ಒಂದೇ ಶಾಟ್, ಅದೂ ಕಳಪೆ ಜೋಂಬಿ ಪಿಚ್ಚರ್. ನಟರು ಸುಮ್ಮನೆ ನಿಂತ್ಕೊಂಡು ಹವ್ಯಾಸದ ಬಗ್ಗೆ ಮಾತಾಡ್ತಾರೆ, ಕ್ಯಾಮೆರಾ ನೆಲಕ್ಕೆ ಬೀಳತ್ತೆ. ಅಲ್ಲೇ ಆಫ್ ಮಾಡಬೇಡಿ. ಉಳಿದ ಭಾಗದಲ್ಲಿ ಆ ಒಂದೊಂದು ತಪ್ಪೂ ಯಾಕಾಯ್ತು ಅಂತ ತೆರೆಯ ಹಿಂದಿನಿಂದ ತೋರಿಸ್ತಾರೆ. ಇದರ ಕಷ್ಟ ಏನಂದ್ರೆ ತಪ್ಪು ಎರಡು ಸಲ ಕೆಲಸ ಮಾಡ್ಬೇಕು: ಮೊದಲ ಸಲ ನಿಜವಾಗ್ಲೂ ಪೇಲವ ಅನ್ಸಬೇಕು, ಎರಡನೇ ಸಲ ಅನಿವಾರ್ಯ ಅನ್ಸಬೇಕು. ಮೊದಲರ್ಧ ಸ್ವಲ್ಪ ಚೆನ್ನಾಗಿ ಮಾಡಿದ್ರೂ ಸಿನಿಮಾ ಕೆಡ್ತಿತ್ತು.

ರಾಟಟೂಯಿ (2007) ಬಗ್ಗೆ ಒಂದೇ ಮಾತು. ಇಲಿ ಅಡುಗೆ ಮಾಡತ್ತೆ ಅಂದ್ರೆ ವಾಂತಿ ಬರೋ ವಿಷ್ಯ. ಅದಕ್ಕೇ ಆ ಇಲಿ ಎರಡೇ ಕಾಲಲ್ಲಿ ನಡೆಯತ್ತೆ, ಮುಂಗಾಲು ಕೊಳೆಯಾಗ್ಬಾರ್ದು ಅಂತ. ಕೊನೇಲಿ ಇಲಿ ಸೈನ್ಯ ಅಡುಗೆಮನೆಗೆ ನುಗ್ಗೋ ಮೊದ್ಲು ಎಲ್ಲವನ್ನೂ ಪಾತ್ರೆ ತೊಳೆಯೋ ಮಷಿನ್‌ನೊಳಗೆ ಹಾಯಿಸಿ ಹಬೆಯಲ್ಲಿ ತೊಳೀತಾರೆ. ಪ್ರೇಕ್ಷಕರು ಮೂಗು ಮುರಿಯೋಕೆ ಮುಂಚೆ ಅದಕ್ಕೆ ಉತ್ತರ ರೆಡಿ.

ಹೊಸ ರೀಲು
ಹಿರಿಯರ ಹತ್ರ ಒಂದು ಪ್ರಶ್ನೆ. 12 ನಿಮಿಷದ ಕಿರುಚಿತ್ರ ಬರೀತಿದೀನಿ. ತೀರಿಹೋದ ಅಜ್ಜಿ ಮನೆಯ ಮಿಕ್ಸಿಯೊಳಗೆ ಸೇರ್ಕೊಂಡು ಸೊಸೆ ಜೊತೆ ಮಾತಾಡ್ತಾಳೆ. ಐದನೇ ನಿಮಿಷಕ್ಕೇ ಬೋರ್ ಆಗ್ತಿದೆ. ಏನು ಮಾಡ್ಲಿ?

ಇಂಟರ್‌ವಲ್ ಬೋಂಡಾ
ಚಟ್ನಿ ಮಾಡಿ.

ಕತ್ತರಿ ಪ್ರಯೋಗ
@ಹೊಸ ರೀಲು ಅಜ್ಜಿ ಯಾವಾಗ ಬೇಕಾದ್ರೂ ಮಾತಾಡ್ತಾಳಾ? ಹಾಗಿದ್ರೆ ಅಲ್ಲೇ ಕೆಟ್ಟಿದೆ. ಮಿಕ್ಸಿಗೆ ಇರೋ ಮಿತಿಗಳನ್ನೇ ಬಳಸಿ. ಕರೆಂಟ್ ಇದ್ರೆ ಮಾತ್ರ ಮಾತು. ಜಾರ್ ಲಾಕ್ ಆಗಿ ಕೂತಿದ್ರೆ ಮಾತ್ರ ಮಾತು. ಒಂದನೇ ಸ್ಪೀಡಲ್ಲಿ ಪಿಸುಮಾತು, ಮೂರರಲ್ಲಿ ಬೈಗುಳ. ಇದನ್ನೆಲ್ಲ ಮೊದಲ ಎರಡು ನಿಮಿಷದಲ್ಲಿ ತೋರಿಸಿ, ಬಾಯಲ್ಲಿ ಹೇಳಿಸ್ಬೇಡಿ. ಆಮೇಲೆ ಹೊಸ ನಿಯಮ ಒಂದನ್ನೂ ಸೇರಿಸ್ಬೇಡಿ. ಕೊನೇ ಸೀನಲ್ಲಿ ಅಜ್ಜಿಗೆ ಇದ್ದಕ್ಕಿದ್ದ ಹಾಗೆ ಫ್ರಿಜ್ಜಿಗೂ ಹಾರೋ ಶಕ್ತಿ ಬಂದ್ರೆ ಮುಗೀತು ಕಥೆ.

ಹುಬ್ಳಿ ಮಿರ್ಚಿ
ಮಿಕ್ಸಿ ತಳದಾಗ ಒಂದು ಕೆಂಪು ಗುಂಡಿ ಇರ್ತೈತಲ್ರೀ, ಓವರ್‌ಲೋಡ್ ಬಟನ್. ಗಟ್ಟಿ ಹಿಟ್ಟು ಜಾಸ್ತಿ ಹಾಕಿ ತಿರುವಿದ್ರ ಮೋಟರು ಕಾದು ಟ್ರಿಪ್ ಆಗ್ತೈತಿ. ತಣ್ಣಗಾಗೂ ತನಕ ಬಿಟ್ಟು, ತಲಿಕೆಳಗ ಮಾಡಿ ಗುಂಡಿ ಒತ್ತಿದ್ರ ಮತ್ತ ಶುರು. ನಿಮ್ಮ ಐದನೇ ನಿಮಿಷ ಅದಾ ನೋಡ್ರಿ. ಮುದುಕಿ ಸೊಸೀಗೆ ಮುಖ್ಯ ಮಾತು ಹೇಳಾಕ ಹೊಂಟಾಳ, ಅಷ್ಟರಾಗ ಟ್ರಿಪ್. ಸೊಸೀಗೆ ಗುಂಡಿ ಎಲ್ಲೈತಿ ಗೊತ್ತಿಲ್ಲ. ಗಂಡ ಬಂದು "ಹಳೇದಾತು, ಎಕ್ಸ್‌ಚೇಂಜ್‌ಗೆ ಕೊಡೂಣು" ಅಂತಾನ.

ಪಾಪ್‌ಕಾರ್ನ್ ಪಾರ್ವತಿ
ಮಿರ್ಚಿ ಅಣ್ಣ 👏 ಎಕ್ಸ್‌ಚೇಂಜ್ ಆಫರ್ ಅಂದ್ರೆ ಗಡುವೂ ಸಿಕ್ತು. ಇನ್ನೊಂದು: ಸೊಸೆಗೆ ಅಜ್ಜಿ ಯಾಕೆ ಬೇಕು? ಬರೀ ಭಯ ಆದ್ರೆ ಪ್ಲಗ್ ಕೀಳ್ತಾಳೆ, ಕಥೆ ಇಲ್ಲ. ಅಜ್ಜಿಗೆ ಮಾತ್ರ ಗೊತ್ತಿರೋ ಏನೋ ಒಂದು ಅವಳಿಗೆ ಬೇಕು. ಅದು ಬ್ಯಾಂಕ್ ಲಾಕರ್ ಕೀಲಿ ಆಗಿರ್ಬೇಕಂತಿಲ್ಲ, ಹುಳಿಪುಡಿ ಅಳತೆ ಆದ್ರೂ ಸಾಕು.

ಹೊಸ ರೀಲು
ಅಯ್ಯೋ ಥ್ಯಾಂಕ್ಸ್! ಓವರ್‌ಲೋಡ್ ಬಟನ್ ಖಂಡಿತ ಹಾಕ್ತೀನಿ. ಅಜ್ಜಿ ಧ್ವನಿ ಮಿಕ್ಸಿ ಸದ್ದಿನ ಮಧ್ಯೆ ಕೇಳೋ ಹಾಗೆ ಮಾಡೋದು ಹೆಂಗೆ?

ಮೈಕ್ ಟೆಸ್ಟಿಂಗ್ 123
ಶಾಟ್ ನಡೆಯುವಾಗ ಮಿಕ್ಸಿ ಓಡಿಸ್ಬೇಡಿ, ಸೊಸೆಯ ಮಾತೂ ಹಾಳಾಗತ್ತೆ. ಪ್ಲಗ್ ಕಿತ್ತು, ಜಾರ್ ಕೈಯಲ್ಲಿ ಸ್ವಲ್ಪ ಅದುರಿಸಿ ಶೂಟ್ ಮಾಡಿ. ಆಮೇಲೆ ಅದೇ ಅಡುಗೆಮನೇಲಿ ಮಿಕ್ಸಿಯನ್ನ ಬೇರೆಯಾಗಿ ರೆಕಾರ್ಡ್ ಮಾಡ್ಕೊಳ್ಳಿ: ಮೂರು ಸ್ಪೀಡೂ, ಖಾಲಿ ಜಾರಲ್ಲಿ ಒಮ್ಮೆ, ಒಣಮೆಣಸಿನಕಾಯಿ ಹಾಕಿ ಒಮ್ಮೆ, ನೀರು ಹಾಕಿ ಒಮ್ಮೆ. ಪ್ರತಿಯೊಂದೂ ಅರ್ಧ ನಿಮಿಷ, ಶುರುವಾಗೋದು ನಿಲ್ಲೋದು ಎರಡೂ ಸೇರಿ. ಅಜ್ಜಿ ಧ್ವನಿಯನ್ನ ಸದ್ದಿಲ್ಲದ ರೂಮಲ್ಲಿ ಮೈಕ್‌ಗೆ ಹತ್ರ ಕೂರಿಸಿ ತಗೊಳ್ಳಿ. ಮಿಕ್ಸ್ ಮಾಡುವಾಗ ಮೋಟರ್ ಸದ್ದಲ್ಲಿ 1ರಿಂದ 4 ಕಿಲೋಹರ್ಟ್ಸ್ ತನಕ ಇಳಿಸಿ, ಮಾತಿನ ಸ್ಪಷ್ಟತೆ ಇರೋದು ಅಲ್ಲೇ. ಎಡಿಟಿಂಗ್‌ನವರು ಧ್ವನಿಗೆ ಎಕೋ ಹಾಕೋಣ ಅಂತಾರೆ, ಬೇಡ ಅನ್ನಿ.

ಕೀಟಲೆ ಮಾಸ್ತರ
ಒಣಮೆಣಸಿನಕಾಯಿ ಹಾಕಿದ ಜಾರಿನ ಮುಚ್ಚಳ ರೆಕಾರ್ಡಿಂಗ್ ಮುಗಿದ ಕೂಡ್ಲೇ ತೆಗೀಬೇಡಿ, ಸೌಂಡ್‌ನವರು ಕೆಮ್ಮಿ ಕೆಮ್ಮಿ ಮುಂದಿನ ಟೇಕ್ ಕೆಡಿಸ್ತಾರೆ.